ಹೆಸರು ಹಿಡಿದು ಕರೆದರೆ ಮಗು ತಿರುಗುತ್ತಾ?



ಸಂಜೆ ಹೊತ್ತು. ಸೊಂಟದ ಮೇಲೆ ಮಗು. ಕೈಯಲ್ಲಿ ಅನ್ನದ ಬಟ್ಟಲು. ಮಗು ಬಾಯಿ ತೆರೆಯುವುದಿಲ್ಲ. ಆಗ ನಾವು ಏನು ಮಾಡುತ್ತೇವೆ? ಅಂಗಳಕ್ಕೆ ಬರುತ್ತೇವೆ. "ಅಲ್ಲಿ ನೋಡು, ಚಂದಮಾಮ!" ಅಂತ ಬೆರಳು ತೋರಿಸುತ್ತೇವೆ.

ಮಗು ಬೆರಳು ತೋರಿಸಿದ ಕಡೆ ನೋಡುತ್ತದೆ. ಚಂದ್ರ ಕಾಣುತ್ತಾನೆ. ಮತ್ತೆ ತಿರುಗಿ ನಮ್ಮ ಮುಖ ನೋಡಿ ನಗುತ್ತದೆ. "ಅಮ್ಮಾ, ನೀನೂ ನೋಡಿದೆಯಾ?" ಅಂತ ಕೇಳಿದ ಹಾಗೆ ಇರುತ್ತದೆ ಆ ನಗು. ಕೆಲವು ದಿನ ಕಳೆದ ಮೇಲೆ ಮಗುವೇ ಬೆರಳು ಚಾಚಿ ನಮಗೆ ತೋರಿಸುತ್ತದೆ. ಕಾಗೆ ತೋರಿಸುತ್ತದೆ. ಬಸ್ಸು ತೋರಿಸುತ್ತದೆ. ಪಕ್ಕದ ಮನೆ ನಾಯಿ ತೋರಿಸುತ್ತದೆ.

ಇದೇನು ಮಹಾ, ಎಲ್ಲ ಮಕ್ಕಳೂ ಮಾಡುತ್ತವೆ ಅಂತ ನಾವು ತಿಳಿದಿದ್ದೆವು. ಆದರೆ ಎಲ್ಲ ಮಕ್ಕಳೂ ಮಾಡುವುದಿಲ್ಲ. ಬೆರಳು ತೋರಿಸದ ಮಗು, ಕರೆದರೆ ತಿರುಗದ ಮಗು, ಮುಖ ನೋಡಿ ನಗದ ಮಗು ನಮ್ಮ ನಿಮ್ಮ ಮನೆಗಳಲ್ಲೇ ಇರಬಹುದು. ಅಂಥ ಮಗುವನ್ನು ಬೇಗ ಗುರುತು ಹಿಡಿಯುವುದು ಹೇಗೆ? ಈ ಪಾಠದಲ್ಲಿ ಅದನ್ನೇ ತಿಳಿಯೋಣ.

ನಾವು ಮಾಡಿದ ತಪ್ಪು

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ.

ನಾವು ಹಗಲು ಶಾಲೆಯಲ್ಲಿ ಪಾಠ ಹೇಳುವವರು. ಸಂಜೆ ಕಲಿಕಾ ಕೇಂದ್ರಕ್ಕೆ ಬರುವವರು. ನಮ್ಮ ಕೇಂದ್ರಕ್ಕೆ ಒಬ್ಬ ತಾಯಿ ಬರುತ್ತಿದ್ದರು. ಜೊತೆಗೆ ಎರಡು ವರ್ಷದ ಗಂಡು ಮಗು. ಅವನನ್ನು ಇಲ್ಲಿ ಪುಟ್ಟ ಅಂತ ಕರೆಯೋಣ.

ಪುಟ್ಟ ಒಂದು ಮೂಲೆಯಲ್ಲಿ ಕೂರುತ್ತಿದ್ದ. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ. ಅದನ್ನು ನೆಲದ ಮೇಲೆ ಗಿರ್ರನೆ ತಿರುಗಿಸುತ್ತಿದ್ದ. ನಿಂತರೆ ಮತ್ತೆ ತಿರುಗಿಸುತ್ತಿದ್ದ. ಒಂದು ಗಂಟೆ ಆದರೂ ಅದೇ ಆಟ. ಬೇರೆ ಮಕ್ಕಳು ಓಡಾಡಿದರೂ ತಲೆ ಎತ್ತುತ್ತಿರಲಿಲ್ಲ.

"ಎಷ್ಟು ಒಳ್ಳೆ ಮಗು! ಗಲಾಟೆಯೇ ಇಲ್ಲ" ಅಂತ ನಾವು ಹೊಗಳಿದೆವು.

ತಾಯಿ ಒಂದು ದಿನ ಮೆಲ್ಲಗೆ ಕೇಳಿದರು. "ಟೀಚರ್, ಇವನು ಕರೆದರೆ ತಿರುಗಲ್ಲ. ಇನ್ನೂ ಅಮ್ಮ ಅಂದಿಲ್ಲ. ನನಗ್ಯಾಕೋ ಭಯ ಆಗ್ತದೆ."

ನಾವು ಏನು ಹೇಳಿದೆವು ಗೊತ್ತಾ? "ಗಂಡು ಮಕ್ಕಳಿಗೆ ಮಾತು ಸ್ವಲ್ಪ ತಡ ಅಕ್ಕ. ನೋಡೋಣ ಬಿಡಿ."

ನೋಡೋಣ ಅನ್ನುತ್ತಲೇ ಒಂದು ವರ್ಷ ಹೋಯಿತು. ತರಬೇತಿ ಪಡೆದ ನಮಗೆ ಕಾಣದ್ದು ಆ ತಾಯಿಗೆ ಕಂಡಿತ್ತು. ಆದರೆ ಅವರ ಮಾತನ್ನು ನಾವು ಯಾರೂ ಕೇಳಲಿಲ್ಲ. ಮನೆಯವರೂ ಕೇಳಲಿಲ್ಲ. "ಇವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಅಂದರು ಅತ್ತೆ.

ಕೊನೆಗೆ ಅಂಗನವಾಡಿಗೆ ಆರೋಗ್ಯ ತಂಡ ಬಂತು. ಡಾಕ್ಟರಮ್ಮ ಪುಟ್ಟನನ್ನು ಹೆಸರು ಹಿಡಿದು ಮೂರು ಸಲ ಕರೆದರು. ಅವನು ತಿರುಗಲಿಲ್ಲ. ಆಮೇಲೆ ಅವನ ಬೆನ್ನ ಹಿಂದೆ ಬಿಸ್ಕತ್ ಪೊಟ್ಟಣವನ್ನು ಪರಪರ ಅನ್ನಿಸಿದರು. ಪುಟ್ಟ ತಟ್ಟನೆ ತಿರುಗಿದ!

"ನೋಡಿ, ಸದ್ದು ಕೇಳ್ತದೆ. ಆದರೆ ಹೆಸರಿಗೆ ತಿರುಗಲ್ಲ. ಕಿವಿ ಪರೀಕ್ಷೆ ಮಾಡಿಸೋಣ. ಜೊತೆಗೆ ಆಟಿಸಂ ಇದೆಯಾ ಅಂತಲೂ ನೋಡಿಸೋಣ" ಅಂದರು ಡಾಕ್ಟರಮ್ಮ.

ಆ ದಿನ ನಾವು ಆ ಹೆಸರನ್ನು ಸರಿಯಾಗಿ ತಿಳಿಯಲು ಹೊರಟೆವು. ತಿಳಿದದ್ದನ್ನು ನಿಮಗೆ ಹೇಳುತ್ತೇವೆ.

ಆಟಿಸಂ ಅಂದರೆ ಏನು?

ಆಟಿಸಂ ಒಂದು ರೋಗವಲ್ಲ. ಜ್ವರದ ಹಾಗೆ ಬಂದು ಹೋಗುವುದಿಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಮಗುವಿನ ಮಿದುಳು ಬೆಳೆಯುವ ರೀತಿಯೇ ಬೇರೆ ಆಗಿರುತ್ತದೆ. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಅಂತ ಬರೆಯುತ್ತಾರೆ. ಆಸ್ಪತ್ರೆಯಲ್ಲಿ ಎಲ್ಲರೂ ಆಟಿಸಂ ಅಂತಲೇ ಹೇಳುತ್ತಾರೆ.

ಆಟಿಸಂ ಇರುವ ಮಗುವಿಗೆ ಮುಖ್ಯವಾಗಿ ಎರಡು ವಿಷಯದಲ್ಲಿ ತೊಂದರೆ ಆಗುತ್ತದೆ.

ಒಂದು: ಬೇರೆಯವರ ಜೊತೆ ಬೆರೆಯುವುದು. ನೋಟ, ನಗು, ಸನ್ನೆ, ಮಾತು ಇವುಗಳ ಕೊಡು-ಕೊಳ್ಳು ಕಷ್ಟ.

ಎರಡು: ಮಾಡಿದ್ದನ್ನೇ ಮಾಡುವುದು. ಒಂದೇ ಆಟ, ಒಂದೇ ದಾರಿ, ಒಂದೇ ಊಟ ಬೇಕು ಅನ್ನುವುದು. ಕೆಲವು ಸದ್ದು, ಬೆಳಕು, ಬಟ್ಟೆ ಸಹಿಸದೆ ಇರುವುದು.

ಇದು ಎಲ್ಲ ಮಕ್ಕಳಲ್ಲೂ ಒಂದೇ ತರ ಇರುವುದಿಲ್ಲ. ಒಂದು ಮಗು ಮಾತೇ ಆಡದಿರಬಹುದು. ಇನ್ನೊಂದು ಮಗು ತುಂಬ ಮಾತಾಡಬಹುದು. ಆದರೆ ಎದುರಿಗಿದ್ದವರು ಕೇಳಿದ್ದಕ್ಕೆ ಉತ್ತರ ಕೊಡದೆ ತನ್ನದನ್ನೇ ಹೇಳುತ್ತಿರಬಹುದು. ಕೆಲವರಿಗೆ ಜೀವನ ಪೂರ್ತಿ ಸಹಾಯ ಬೇಕು. ಕೆಲವರು ಓದಿ ಕೆಲಸ ಮಾಡುತ್ತಾರೆ.

ಇದು ಅಪರೂಪವೂ ಅಲ್ಲ. 2021ರ ಲೆಕ್ಕದಂತೆ ಲೋಕದಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಂಡು ಮಕ್ಕಳಲ್ಲಿ ಹೆಚ್ಚಾಗಿ ಗುರುತು ಹಿಡಿಯುತ್ತಾರೆ. ಹೆಣ್ಣು ಮಕ್ಕಳಿಗೂ ಇರುತ್ತದೆ. ಆದರೆ "ಹೆಣ್ಣು ಮಗು, ನಾಚಿಕೆ ಜಾಸ್ತಿ" ಅಂದುಕೊಂಡು ಬಿಟ್ಟುಬಿಡುತ್ತೇವೆ. ಹಾಗೆ ಬಿಡಬಾರದು.

ಯಾವ ವಯಸ್ಸಿಗೆ ಏನು ನೋಡಬೇಕು?

ತಿಂಗಳು ಲೆಕ್ಕ ಹಾಕೋಣ. ಮಗು ಹುಟ್ಟಿದ ದಿನ ತಾಯಿ ಕಾರ್ಡಿನಲ್ಲಿ ಬರೆದಿರುತ್ತದೆ. ಈಗ ನೀವೇ ಓದಬಲ್ಲಿರಿ.

6 ತಿಂಗಳು: ನೀವು ಮುಖ ನೋಡಿ ನಕ್ಕರೆ ಮಗುವೂ ನಗಬೇಕು. ನಗದಿದ್ದರೆ ಗಮನಿಸಿ.

9 ತಿಂಗಳು: ನೀವು "ಆ" ಅಂದರೆ ಮಗುವೂ ಏನಾದರೂ ಸದ್ದು ಮಾಡಬೇಕು. ನೀವು ಮುಖದಲ್ಲಿ ತೋರಿಸಿದ ಸಂತೋಷಕ್ಕೆ ಅದೂ ಮುಖ ಅರಳಿಸಬೇಕು.

12 ತಿಂಗಳು: ಹೆಸರು ಕರೆದರೆ ತಿರುಗಬೇಕು. "ಬಬಬ", "ಮಮಮ" ಅಂತ ಸದ್ದು ಮಾಡಬೇಕು. ಟಾಟಾ ಮಾಡುವುದು, ಎತ್ತಿಕೋ ಅಂತ ಕೈ ಚಾಚುವುದು, ಹೀಗೆ ಸನ್ನೆ ಮಾಡಬೇಕು.

16 ತಿಂಗಳು: ಒಂದೊಂದು ಮಾತು ಬರಬೇಕು. ಅಮ್ಮ, ತಾತ, ನೀರು, ಕಾಕಾ, ಯಾವುದಾದರೂ ಸರಿ.

18 ತಿಂಗಳು: ಬೇಕಾದ್ದನ್ನು ಬೆರಳು ಮಾಡಿ ಕೇಳಬೇಕು. ಕಂಡದ್ದನ್ನು ನಿಮಗೂ ತೋರಿಸಬೇಕು. ಗೊಂಬೆಗೆ ಊಟ ಮಾಡಿಸುವ ಹಾಗೆ, ಫೋನಿನಲ್ಲಿ ಮಾತಾಡುವ ಹಾಗೆ ಸುಳ್ಳು ಸುಳ್ಳೇ ಆಟ ಶುರು ಆಗಬೇಕು.

24 ತಿಂಗಳು: ಎರಡು ಮಾತು ಸೇರಿಸಬೇಕು. "ಅಮ್ಮ ಬಾ", "ನೀರು ಕೊಡು" ಅಂತ ತಾನಾಗಿ ಹೇಳಬೇಕು. ನೀವು ಹೇಳಿದ್ದನ್ನು ಗಿಣಿಯ ಹಾಗೆ ಒಪ್ಪಿಸಿದರೆ ಅದು ಲೆಕ್ಕಕ್ಕಿಲ್ಲ.

ಇನ್ನೊಂದು ಮಾತು ಬಹಳ ಮುಖ್ಯ. ಬಂದ ಮಾತು ನಿಂತುಹೋದರೆ, ಟಾಟಾ ಮಾಡುತ್ತಿದ್ದ ಮಗು ಬಿಟ್ಟುಬಿಟ್ಟರೆ, ನಗುತ್ತಿದ್ದ ಮಗು ತನ್ನ ಪಾಡಿಗೆ ತಾನು ಆಗಿಬಿಟ್ಟರೆ, ವಯಸ್ಸು ಎಷ್ಟೇ ಇರಲಿ, ಕಾಯಬೇಡಿ. ಬೇಗ ಆಸ್ಪತ್ರೆಗೆ ತೋರಿಸಿ.

ಇನ್ನೂ ಕೆಲವು ಗುರುತು

ಇವನ್ನು ತಾಯಂದಿರೇ ಮೊದಲು ನೋಡುವುದು.

ಮಗುವಿಗೆ ಬಾಳೆಹಣ್ಣು ಬೇಕು. ಅದು ನಿಮ್ಮ ಮುಖ ನೋಡುವುದಿಲ್ಲ. ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗಿ ಹಣ್ಣಿನ ಮೇಲೆ ಇಡುತ್ತದೆ. ನಿಮ್ಮ ಕೈ ಅದಕ್ಕೆ ಒಂದು ಸಾಮಾನಿನ ಹಾಗೆ.

ಆಟದ ಗಾಡಿ ಕೊಟ್ಟರೆ ಓಡಿಸುವುದಿಲ್ಲ. ತಲೆಕೆಳಗು ಮಾಡಿ ಚಕ್ರ ಮಾತ್ರ ತಿರುಗಿಸುತ್ತದೆ. ಚಪ್ಪಲಿ, ಲೋಟ, ಕಲ್ಲು ಸಿಕ್ಕಿದರೆ ಸಾಲಾಗಿ ಜೋಡಿಸುತ್ತದೆ. ಸಾಲು ಕೆಡಿಸಿದರೆ ರಂಪ ಮಾಡುತ್ತದೆ.

ಖುಷಿ ಆದರೆ ಎರಡು ಕೈಯನ್ನೂ ಹಕ್ಕಿ ರೆಕ್ಕೆಯ ಹಾಗೆ ಬಡಿಯುತ್ತದೆ. ತುದಿಗಾಲಲ್ಲಿ ನಡೆಯುತ್ತದೆ. ಕೂತಲ್ಲೇ ತೂಗಾಡುತ್ತದೆ. ಸುಮ್ಮನೆ ಸುತ್ತು ಹಾಕುತ್ತದೆ.

ಕುಕ್ಕರ್ ಕೂಗಿದರೆ, ಮಿಕ್ಸಿ ಹಾಕಿದರೆ, ತಮಟೆ ಬಾರಿಸಿದರೆ ಕಿವಿ ಮುಚ್ಚಿಕೊಂಡು ಕಿರುಚುತ್ತದೆ. ಅದೇ ಮಗು ಬಿದ್ದು ಗಾಯ ಆದರೆ ಅಳದೇ ಇರಬಹುದು.

ಬಿಳಿ ಅನ್ನ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಹೊಸ ಅಂಗಿ ಹಾಕಿದರೆ ಕಿತ್ತು ಎಸೆಯುತ್ತದೆ. ದಿನಾ ಹೋಗುವ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋದರೆ ರಸ್ತೆಯಲ್ಲೇ ಬಿದ್ದು ಹೊರಳುತ್ತದೆ. ನೋಡಿದವರು "ಎಷ್ಟು ಹಠ! ಬೆಳೆಸಿದ್ದು ಸರಿ ಇಲ್ಲ" ಅನ್ನುತ್ತಾರೆ. ಅದು ಹಠ ಅಲ್ಲ. ಮಗುವಿಗೆ ನಿಜವಾಗಿ ಸಂಕಟ ಆಗುತ್ತಿರುತ್ತದೆ. ಹೇಳಲು ಬಾಯಿ ಇಲ್ಲ, ಅಷ್ಟೆ.

ಒಂದು ಗುರುತು ಕಂಡರೆ ಹೆದರಬೇಕಾ?

ಬೇಡ. ಎಲ್ಲ ಮಕ್ಕಳೂ ಒಂದಲ್ಲ ಒಂದು ಸಲ ಹಠ ಮಾಡುತ್ತವೆ. ಕೆಲವು ಮಕ್ಕಳಿಗೆ ಮಾತು ಮಾತ್ರ ತಡ. ಆದರೆ ಆ ಮಕ್ಕಳು ಸನ್ನೆ ಮಾಡುತ್ತವೆ. ಬೆರಳು ತೋರಿಸುತ್ತವೆ. ಕಣ್ಣಲ್ಲಿ ಕಣ್ಣಿಟ್ಟು ನಗುತ್ತವೆ. ಇನ್ನು ಕೆಲವು ಮಕ್ಕಳಿಗೆ ಕಿವಿ ಕೇಳುವುದಿಲ್ಲ. ಅದಕ್ಕೇ ಅವು ತಿರುಗುವುದಿಲ್ಲ, ಮಾತು ಕಲಿಯುವುದಿಲ್ಲ. ಆದ್ದರಿಂದ ಕಿವಿ ಪರೀಕ್ಷೆ ಮಾಡಿಸಲೇಬೇಕು.

ಒಂದು ಗುರುತು ಕಂಡರೆ ಗಮನ ಇಟ್ಟು ನೋಡಿ. ಎರಡು ಮೂರು ಗುರುತು ಸೇರಿ ಕಂಡರೆ ತೋರಿಸಿ. ಇದು ಆಟಿಸಂ ಹೌದೋ ಅಲ್ಲವೋ ಅಂತ ಹೇಳುವುದು ನಮ್ಮ ಕೆಲಸ ಅಲ್ಲ. ನಿಮ್ಮ ಕೆಲಸವೂ ಅಲ್ಲ. ಅದು ತಿಳಿದ ವೈದ್ಯರ ಕೆಲಸ. ಕಂಡದ್ದನ್ನು ಹೇಳುವುದು ನಮ್ಮ ಕೆಲಸ.

ಯಾಕೆ ಇಷ್ಟು ಅವಸರ?

ಮೊದಲ ಮೂರು ವರ್ಷದಲ್ಲಿ ಮಗುವಿನ ಮಿದುಳು ಬಹಳ ಬೇಗ ಬೆಳೆಯುತ್ತದೆ. ಹಸಿ ಮಣ್ಣಿನ ಹಾಗೆ. ಆಗ ಕಲಿಸಿದರೆ ಬೇಗ ಕಲಿಯುತ್ತದೆ. ಆಮೇಲೂ ಕಲಿಯುತ್ತದೆ. ಆದರೆ ಹೆಚ್ಚು ಕಷ್ಟ, ಹೆಚ್ಚು ಸಮಯ. "ಐದು ವರ್ಷ ಆಗಲಿ, ಶಾಲೆಗೆ ಹೋದರೆ ಸರಿ ಹೋಗ್ತಾನೆ" ಅಂತ ಕಾಯುವುದು ಬಿತ್ತನೆ ಕಾಲ ಕಳೆದ ಮೇಲೆ ಬೀಜ ಹುಡುಕಿದ ಹಾಗೆ. ಬೇಗ ತೋರಿಸಿದರೆ ನಷ್ಟ ಏನು? ಮಗು ಚೆನ್ನಾಗಿದೆ ಅಂದರೆ ಸಮಾಧಾನ. ತೊಂದರೆ ಇದೆ ಅಂದರೆ ಕಲಿಸುವ ಕಾಲ ಕೈಯಲ್ಲಿದೆ.

ತಪ್ಪು ಯಾರದು?

ಪುಟ್ಟನ ತಾಯಿಗೆ ಬಹಳ ಜನ ಬಹಳ ಮಾತು ಅಂದರು. "ಬಸುರಿಯಲ್ಲಿ ಗ್ರಹಣ ನೋಡಿದ್ದಳು." "ಮಗುವನ್ನು ಬಿಟ್ಟು ಕೂಲಿಗೆ ಹೋದಳು." "ಯಾರದೋ ಕಣ್ಣು ಬಿತ್ತು." "ಹಿಂದಿನ ಜನ್ಮದ ಪಾಪ."

ಇದು ಯಾವುದೂ ಕಾರಣ ಅಲ್ಲ.

ತಾಯಿಯನ್ನು ಬಯ್ಯುವುದು ನಮ್ಮ ಊರಿನಲ್ಲಿ ಮಾತ್ರ ಇಲ್ಲ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳನ್ನು ನೋಡಿ ಆಟಿಸಂ ಬಗ್ಗೆ ಬರೆದರು. ಆಮೇಲೆ ಅನೇಕ ವರ್ಷ ದೊಡ್ಡ ದೊಡ್ಡ ಓದಿದವರೇ "ತಾಯಿ ಪ್ರೀತಿ ಕೊಡಲಿಲ್ಲ, ಅದಕ್ಕೆ ಹೀಗಾಯಿತು" ಅಂದರು. ಎಷ್ಟೋ ತಾಯಂದಿರು ಕಣ್ಣೀರು ಹಾಕಿದರು. 1977ರಲ್ಲಿ ಇಂಗ್ಲೆಂಡಿನಲ್ಲಿ ಅವಳಿ ಮಕ್ಕಳನ್ನು ಪರೀಕ್ಷೆ ಮಾಡಿದರು. ಆಟಿಸಂ ಹುಟ್ಟಿನಿಂದ ಬರುವುದು, ಸಾಕಿದ್ದರಿಂದ ಬರುವುದಲ್ಲ ಅಂತ ಆಗ ಸ್ಪಷ್ಟವಾಗತೊಡಗಿತು. ಓದಿದವರು ತಮ್ಮ ತಪ್ಪು ತಿದ್ದಿಕೊಂಡರು. ನಾವೂ ತಿದ್ದಿಕೊಳ್ಳೋಣ.

ಇಂಜೆಕ್ಷನ್ ಹಾಕಿಸಿದ್ದರಿಂದ ಬಂತಾ?

ಇದನ್ನು ನಮ್ಮ ಕೇಂದ್ರದಲ್ಲೂ ಒಬ್ಬರು ಕೇಳಿದರು. ಬಂದಿಲ್ಲ. 1998ರಲ್ಲಿ ಇಂಗ್ಲೆಂಡಿನ ಒಬ್ಬ ವೈದ್ಯ 12 ಮಕ್ಕಳನ್ನು ನೋಡಿ, ದಡಾರದ ಲಸಿಕೆಗೂ ಆಟಿಸಂಗೂ ಸಂಬಂಧ ಇರಬಹುದು ಅಂತ ಬರೆದ. ಜನ ಹೆದರಿದರು. ಆಮೇಲೆ ಅದು ಮೋಸದ ಬರಹ ಅಂತ ಗೊತ್ತಾಯಿತು. 2010ರಲ್ಲಿ ಅದನ್ನು ಪತ್ರಿಕೆ ಹಿಂದಕ್ಕೆ ತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕ್ ದೇಶದಲ್ಲಿ 6 ಲಕ್ಷ 50 ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕ ನೋಡಿದರು. ಲಸಿಕೆಯಿಂದ ಆಟಿಸಂ ಬರುವುದಿಲ್ಲ ಅಂತ ತಿಳಿಯಿತು.

ಹಾಗಾದರೆ ಜನಕ್ಕೆ ಯಾಕೆ ಹಾಗನ್ನಿಸುತ್ತದೆ? ನಮ್ಮಲ್ಲಿ ದಡಾರದ ಎರಡನೇ ಇಂಜೆಕ್ಷನ್ ಹಾಕುವುದು 16ರಿಂದ 24 ತಿಂಗಳ ಒಳಗೆ. ಮಾತು ಬರಲಿಲ್ಲ ಅಂತ ಮನೆಯವರಿಗೆ ಗೊತ್ತಾಗುವುದೂ ಅದೇ ವಯಸ್ಸಿಗೆ. ಎರಡೂ ಒಟ್ಟಿಗೆ ಬಂದವು, ಅಷ್ಟೆ. ಇಂಜೆಕ್ಷನ್ ತಪ್ಪಿಸಿದರೆ ದಡಾರ ಬರುತ್ತದೆ. ದಡಾರ ಮಕ್ಕಳ ಪ್ರಾಣ ತೆಗೆಯುತ್ತದೆ. ತಪ್ಪಿಸಬೇಡಿ.

ಎಲ್ಲಿಗೆ ಹೋಗಬೇಕು?

ಮೊದಲು ಅಂಗನವಾಡಿ ಟೀಚರ್‌ಗೆ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಇದರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. ಇದಕ್ಕೆ ದುಡ್ಡಿಲ್ಲ. ಆ ದಿನ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಆ ದಿನ ಕೂಲಿ ತಪ್ಪಿದರೂ ಮಗುವನ್ನು ತೋರಿಸಿ. ಅದು ದೂರ ಇದ್ದರೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹೋಗಿ.

ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಜಿಲ್ಲಾ ಮಟ್ಟದಲ್ಲಿ ಇಂಥ ಮಕ್ಕಳಿಗಾಗಿ ಡಿ.ಇ.ಐ.ಸಿ. ಅನ್ನುವ ಕೇಂದ್ರ ಮಾಡಿದ್ದಾರೆ. ಹೆಸರು ಬಾಯಿಪಾಠ ಮಾಡಿಕೊಳ್ಳಿ: ಡಿ.ಇ.ಐ.ಸಿ. ಎಲ್ಲಿದೆ ಅಂತ ಕೇಳಿದರೆ ತೋರಿಸುತ್ತಾರೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ ಮತ್ತು ಮಾತಿನ ತೊಂದರೆ ನೋಡುವ ದೊಡ್ಡ ಸರ್ಕಾರಿ ಸಂಸ್ಥೆ ಅದು. ಆಟಿಸಂ ಇರುವ ಮಕ್ಕಳನ್ನೂ ನೋಡುತ್ತಾರೆ. ತಾಯಂದಿರಿಗೂ ಹೇಳಿಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲೂ ಮಕ್ಕಳ ವಿಭಾಗ ಇದೆ.

ಅಲ್ಲಿ ಏನು ಪರೀಕ್ಷೆ ಮಾಡುತ್ತಾರೆ? ಆಟಿಸಂ ಇದೆ ಅಂತ ತಿಳಿಯಲು ರಕ್ತ ಪರೀಕ್ಷೆ ಇಲ್ಲ. ಸ್ಕ್ಯಾನ್ ಇಲ್ಲ. ಮಗುವಿನ ಜೊತೆ ಆಟ ಆಡಿ ನೋಡುತ್ತಾರೆ. ತಾಯಿಯನ್ನು ಪ್ರಶ್ನೆ ಕೇಳುತ್ತಾರೆ. 16ರಿಂದ 30 ತಿಂಗಳ ಮಕ್ಕಳಿಗೆ 20 ಪ್ರಶ್ನೆಗಳ ಒಂದು ಪಟ್ಟಿಯೇ ಇದೆ. ತಾಯಿ ಕೊಡುವ ಉತ್ತರವೇ ಅಲ್ಲಿ ಮುಖ್ಯ.

ನಿಮ್ಮ ನೋಟ್ ಬುಕ್ ತೆಗೆದುಕೊಂಡು ಹೋಗಿ

ಪುಟ್ಟನ ತಾಯಿ ಮೊದಲ ಸಲ ಜಿಲ್ಲಾ ಆಸ್ಪತ್ರೆಗೆ ಹೋದಾಗ ಗಾಬರಿ ಆದರು. "ಯಾವಾಗಿನಿಂದ ಹೀಗೆ?" ಅಂತ ಕೇಳಿದರೆ ಬಾಯಿ ಕಟ್ಟಿತು. ಜೊತೆಯಲ್ಲಿದ್ದ ಭಾವ ತಮಗೆ ತೋಚಿದ್ದು ಹೇಳಿದರು. ತಾಯಿ ನೋಡಿದ್ದು ತಾಯಿಯ ಹತ್ತಿರವೇ ಉಳಿಯಿತು.

ಎರಡನೇ ಸಲ ಹೋಗುವ ಮೊದಲು ನಾವು ಕೇಂದ್ರದಲ್ಲಿ ಒಟ್ಟಿಗೆ ಕೂತೆವು. "ಅಕ್ಕ, ನೀವು ನೋಡಿದ್ದನ್ನು ನೀವೇ ಬರೆಯಿರಿ" ಅಂದೆವು. ಅವರು ಮೂರು ಸಂಜೆ ಕೂತು ಬರೆದರು. ಒತ್ತಕ್ಷರ ತಪ್ಪಿತ್ತು. ಸಾಲು ಓರೆ ಇತ್ತು. ಆದರೆ ವಿಷಯ ನೇರ ಇತ್ತು.

"ಕರೆದರೆ ತಿರುಗಲ್ಲ.
ಒಂದು ವರ್ಷಕ್ಕೆ ತಾತ ಅಂದ. ಯುಗಾದಿ ಆದ ಮೇಲೆ ಅನ್ನಲಿಲ್ಲ.
ಬೆರಳು ತೋರಿಸಲ್ಲ. ನನ್ನ ಕೈ ಎಳೆಯುತ್ತಾನೆ.
ಮುಚ್ಚಳ ತಿರುಗಿಸುತ್ತಾನೆ.
ಕುಕ್ಕರ್ ಕೂಗಿದರೆ ಅಳುತ್ತಾನೆ.
ಬಿಳಿ ಅನ್ನ ಮಾತ್ರ ತಿನ್ನುತ್ತಾನೆ.
ನನ್ನ ಕೂದಲು ಮೂಸಿ ಮಲಗುತ್ತಾನೆ."

ಡಾಕ್ಟರ್ ಏಳು ಸಾಲನ್ನೂ ಓದಿದರು. "ಇದನ್ನು ಬರೆದವರು ಯಾರು?" ಅಂತ ಕೇಳಿದರು.

"ನಾನೇ ಸಾರ್" ಅಂದರು ತಾಯಿ.

"ತಾತ ಅಂದದ್ದು ನಿಂತುಹೋಯಿತು ಅಂತ ಬರೆದಿದ್ದೀರಲ್ಲ, ಅದು ಬಹಳ ಮುಖ್ಯ" ಅಂದರು ಡಾಕ್ಟರ್. ಆ ಹಾಳೆಯನ್ನು ಪುಟ್ಟನ ಫೈಲಿಗೆ ಸೇರಿಸಿಕೊಂಡರು.

ಅಕ್ಕಂದಿರೇ, ನಿಮ್ಮ ಕೈಗೆ ಅಕ್ಷರ ಬಂದಿದೆ. ಮಗು ಏನು ಮಾಡಿತು, ಯಾವಾಗ ಮಾಡಿತು, ಬರೆದಿಡಿ. ಗೋಡೆಯ ಕ್ಯಾಲೆಂಡರಿನಲ್ಲೇ ಆ ತಾರೀಖಿನ ಪಕ್ಕ ಒಂದು ಮಾತು ಬರೆದರೂ ಸಾಕು.

ಮನೆಯಲ್ಲಿ ಏನು ಮಾಡಬೇಕು?

ಆಟಿಸಂ ವಾಸಿ ಮಾಡುವ ಮಾತ್ರೆ ಇಲ್ಲ. ಕಲಿಸುವುದೇ ಔಷಧಿ. ತಿಂಗಳಿಗೆ ಒಂದೆರಡು ಸಲ ತಜ್ಞರು ಹೇಳಿಕೊಡುತ್ತಾರೆ. ಉಳಿದ ದಿನ ಕಲಿಸುವವರು ನಾವೇ. ಆಸ್ಪತ್ರೆಯ ಸರದಿ ಬರುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ಇವನ್ನು ಈಗಲೇ ಶುರು ಮಾಡಬಹುದು. ಯಾವ ಮಗುವಿಗಾದರೂ ಇದರಿಂದ ಒಳ್ಳೆಯದೇ.

1. ಮಗುವಿನ ಎದುರಿಗೆ ಕೂರಿ. ನಿಮ್ಮ ಮುಖ ಮಗುವಿನ ಮುಖದ ಮಟ್ಟಕ್ಕೆ ಇರಲಿ.

2. ಮಗು ಆಡುವ ಆಟವನ್ನೇ ನೀವೂ ಆಡಿ. ಅದು ಮುಚ್ಚಳ ತಿರುಗಿಸಿದರೆ ನೀವೂ ಒಂದು ಮುಚ್ಚಳ ತಿರುಗಿಸಿ. ಕಸಿದುಕೊಳ್ಳಬೇಡಿ. ಒಂದು ದಿನ ಮಗು ನಿಮ್ಮ ಮುಚ್ಚಳದ ಕಡೆ ನೋಡುತ್ತದೆ. ಆಮೇಲೆ ನಿಮ್ಮ ಕಡೆ ನೋಡುತ್ತದೆ.

3. ಮಾತು ಚಿಕ್ಕದಾಗಿರಲಿ. "ಬಾರೋ ಕಂದ, ನೀರು ಕುಡಿದು ಆಮೇಲೆ ಆಟಕ್ಕೆ ಹೋಗುವಿಯಂತೆ" ಅನ್ನಬೇಡಿ. ಲೋಟ ತೋರಿಸಿ "ನೀರು" ಅನ್ನಿ.

4. ಕಾಯಿರಿ. ಲೋಟ ಹಿಡಿದು ಮನಸ್ಸಿನಲ್ಲೇ ಐದು ಎಣಿಸಿ. ಮಗು ನೋಡಿದರೆ, ಕೈ ಚಾಚಿದರೆ, ಸದ್ದು ಮಾಡಿದರೆ ತಕ್ಷಣ ಕೊಡಿ. ಹೊಗಳಿ. ಮಗು ಏನೂ ಮಾಡದಿದ್ದರೂ ಕೊಡಿ. ನೀರಿಗಾಗಿ ಸತಾಯಿಸಬೇಡಿ.

5. ಸೆರಗಿನಿಂದ ಮುಖ ಮುಚ್ಚಿ ತೆಗೆಯುವ ಆಟ, ಕಾಲ ಮೇಲೆ ಕೂರಿಸಿ ತೂಗುವ ಆಟ ಆಡಿ. ನಡುವೆ ನಿಲ್ಲಿಸಿ. "ಇನ್ನೂ ಬೇಕು" ಅಂತ ಮಗು ಹೇಗಾದರೂ ತೋರಿಸುತ್ತದೆಯೇ ನೋಡಿ.

6. ಮುಂದೆ ಏನು ಅಂತ ಮೊದಲೇ ತೋರಿಸಿ. ಸ್ನಾನಕ್ಕೆ ಮೊದಲು ಚೊಂಬು ತೋರಿಸಿ. ಹೊರಗೆ ಹೋಗುವ ಮೊದಲು ಚಪ್ಪಲಿ ತೋರಿಸಿ. ಮಗುವಿನ ಗಾಬರಿ ಕಡಿಮೆ ಆಗುತ್ತದೆ.

7. ಸದ್ದಿಗೆ ಹೆದರಿದರೆ ಹೊಡೆಯಬೇಡಿ. ಎತ್ತಿಕೊಂಡು ಸದ್ದಿಲ್ಲದ ಕಡೆ ಹೋಗಿ. ಬಿಗಿಯಾಗಿ ಅಪ್ಪಿಕೊಂಡರೆ ಕೆಲವು ಮಕ್ಕಳಿಗೆ ಹಿತ. ಕೆಲವಕ್ಕೆ ಇಲ್ಲ. ನಿಮ್ಮ ಮಗುವಿಗೆ ಯಾವುದು ಹಿತ ಅಂತ ನಿಮಗೇ ಗೊತ್ತು.

8. ಮೊಬೈಲ್ ಕೊಟ್ಟು ಊಟ ಮಾಡಿಸಬೇಡಿ. ಆಟಿಸಂ ಬಂದದ್ದು ಮೊಬೈಲಿನಿಂದ ಅಲ್ಲ. ಆದರೆ ಮೊಬೈಲ್ ಮುಂದೆ ಕೂತ ಮಗುವಿಗೆ ನಿಮ್ಮ ಮುಖ ನೋಡುವ ಹೊತ್ತು ಸಿಗುವುದಿಲ್ಲ.

ಯಾವುದನ್ನು ಮಾಡಬಾರದು?

ಬರೆ ಹಾಕಿಸಬೇಡಿ. ಅದು ಮಗುವಿಗೆ ಹಿಂಸೆ. ಬಜೆ ತೇಯ್ದು ನೆಕ್ಕಿಸಿದರೆ ಈ ಮಕ್ಕಳಿಗೆ ಮಾತು ಬರುವುದಿಲ್ಲ. "ಆರು ತಿಂಗಳಲ್ಲಿ ಪೂರ್ತಿ ವಾಸಿ ಮಾಡ್ತೀವಿ, ಇಷ್ಟು ಸಾವಿರ ಕೊಡಿ" ಅನ್ನುವವರನ್ನು ನಂಬಬೇಡಿ. ಒಡವೆ ಅಡ ಇಟ್ಟು ಅವರ ಹಿಂದೆ ಹೋಗಬೇಡಿ. ದೇವರಿಗೆ ಹರಕೆ ಹೊರಬೇಕು ಅನ್ನಿಸಿದರೆ ಹೊರಿ. ಆದರೆ ಹರಕೆ ಹೊತ್ತೆವು ಅಂತ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ.

ಮಗುವನ್ನು ಬಚ್ಚಿಡಬೇಡಿ. ಮದುವೆಗೆ, ಜಾತ್ರೆಗೆ, ಅಂಗನವಾಡಿಗೆ ಕರೆದುಕೊಂಡು ಹೋಗಿ. ಸದ್ದು ಹೆಚ್ಚಾದರೆ ಸ್ವಲ್ಪ ಹೊತ್ತು ಆಚೆ ಬನ್ನಿ. ಜನ ನೋಡುತ್ತಾರೆ. ನೋಡಲಿ. ನೋಡಿ ನೋಡಿ ಜನಕ್ಕೂ ರೂಢಿ ಆಗುತ್ತದೆ.

ಕಾನೂನು ಏನು ಹೇಳುತ್ತದೆ?

2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂತು. ಅದರಲ್ಲಿ 21 ಬಗೆಯ ಅಂಗವಿಕಲತೆ ಹೆಸರಿಸಿದ್ದಾರೆ. ಆಟಿಸಂ ಕೂಡ ಅದರಲ್ಲಿ ಇದೆ. ನೂರಕ್ಕೆ 40 ಅಥವಾ ಹೆಚ್ಚು ತೊಂದರೆ ಇದೆ ಅಂತ ಪ್ರಮಾಣಪತ್ರ ಸಿಕ್ಕಿದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತವಾಗಿ ಓದುವ ಹಕ್ಕಿದೆ. ಹತ್ತಿರದ ಶಾಲೆಯಲ್ಲೇ ಓದಬಹುದು. ಬೇಕಾದರೆ ವಿಶೇಷ ಶಾಲೆಯಲ್ಲೂ ಓದಬಹುದು. ಅಂಗವಿಕಲರ ಗುರುತಿನ ಚೀಟಿಗೆ ಯು.ಡಿ.ಐ.ಡಿ. ಕಾರ್ಡ್ ಅನ್ನುತ್ತಾರೆ. ಇದನ್ನು ಮಾಡಿಸಲು ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. ಸಹಾಯ ಮಾಡುತ್ತಾರೆ. ಇದು ಭಿಕ್ಷೆ ಅಲ್ಲ. ಮಗುವಿನ ಹಕ್ಕು.

ಈಗ ಪುಟ್ಟ ಹೇಗಿದ್ದಾನೆ?

ಪುಟ್ಟನಿಗೆ ಈಗ ಐದು ವರ್ಷ. ಆಟಿಸಂ ಹೋಗಿಲ್ಲ. ಹೋಗುವುದೂ ಇಲ್ಲ. ಹತ್ತು ಹನ್ನೆರಡು ಮಾತು ಬಂದಿವೆ. ಮಾತು ಬಾರದ ಕಡೆ ಚಿತ್ರದ ಕಾರ್ಡು ತೋರಿಸಿ ಕೇಳುತ್ತಾನೆ. ಕುಕ್ಕರ್ ಇಡುವ ಮೊದಲು ತಾಯಿ ಅವನಿಗೆ ತೋರಿಸುತ್ತಾರೆ. ಅವನೇ ಅಂಗಳಕ್ಕೆ ಹೋಗಿ ಕೂರುತ್ತಾನೆ. ಅಂಗನವಾಡಿಗೆ ದಿನಾ ಹೋಗುತ್ತಾನೆ.

ಹೋದ ತಿಂಗಳು ಒಂದು ಸಂಜೆ ಅವನು ತಾಯಿಯ ಸೆರಗು ಎಳೆದ. ಕೈ ಎತ್ತಿದ. ಬೆರಳು ಮಾಡಿ ತೋರಿಸಿದ. ಚಂದಮಾಮನನ್ನಲ್ಲ, ಬೀದಿ ದೀಪವನ್ನು! ಆಮೇಲೆ ತಿರುಗಿ ತಾಯಿಯ ಮುಖ ನೋಡಿದ. "ಟೀಚರ್, ನನ್ನ ಮುಖ ನೋಡಿದ" ಅಂತ ಆ ತಾಯಿ ಕೇಂದ್ರಕ್ಕೆ ಓಡಿ ಬಂದು ಹೇಳಿದರು.

ನಮಗೆ ಸಂತೋಷ ಆಯಿತು. ಆದರೆ ಹೋದ ಆ ಒಂದು ವರ್ಷ ಈಗಲೂ ನೆನಪಾಗುತ್ತದೆ. ಆದ್ದರಿಂದಲೇ ಈ ಪಾಠ ಬರೆದೆವು. ನಿಮ್ಮ ಪಕ್ಕದ ಮನೆಯ ತಾಯಿ "ನನಗ್ಯಾಕೋ ಭಯ ಆಗ್ತದೆ" ಅಂದರೆ "ನೋಡೋಣ ಬಿಡು" ಅನ್ನಬೇಡಿ. "ನಡಿ, ನಾನೂ ಬರ್ತೀನಿ" ಅನ್ನಿ.

ಓದಿ, ಹೌದು ಅಥವಾ ಇಲ್ಲ ಎಂದು ಬರೆಯಿರಿ

(ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಒಂದೂವರೆ ವರ್ಷ ದಾಟಿದ ಮಗು ಇದ್ದರೆ ನೋಡಿ ಬರೆಯಿರಿ.)

1. ಹೆಸರು ಕರೆದರೆ ತಿರುಗುತ್ತದೆಯೇ? ............
2. ಮುಖ ನೋಡಿ ನಗುತ್ತದೆಯೇ? ............
3. ನೀವು ಬೆರಳು ತೋರಿಸಿದ ಕಡೆ ನೋಡುತ್ತದೆಯೇ? ............
4. ತಾನೇ ಬೆರಳು ತೋರಿಸುತ್ತದೆಯೇ? ............
5. ಟಾಟಾ ಮಾಡುತ್ತದೆಯೇ? ............
6. ಒಂದೊಂದು ಮಾತಾದರೂ ಆಡುತ್ತದೆಯೇ? ............
7. ಬಂದ ಮಾತು ಹಾಗೇ ಉಳಿದಿದೆಯೇ? ............

ಏಳನೇ ಪ್ರಶ್ನೆಗೆ "ಇಲ್ಲ" ಎಂದು ಬಂದರೆ, ಅಥವಾ ಎರಡು ಪ್ರಶ್ನೆಗೆ "ಇಲ್ಲ" ಎಂದು ಬಂದರೆ, ಈ ಹಾಳೆಯನ್ನು ತೆಗೆದುಕೊಂಡು ಈ ವಾರವೇ ಅಂಗನವಾಡಿಗೆ ಅಥವಾ ಆರೋಗ್ಯ ಕೇಂದ್ರಕ್ಕೆ ಹೋಗಿ.

ಗುಂಪಿನಲ್ಲಿ ಮಾತಾಡೋಣ

1. "ಗಂಡು ಮಕ್ಕಳಿಗೆ ಮಾತು ತಡ" ಅನ್ನುವ ಮಾತಿನಿಂದ ಏನು ನಷ್ಟ?
2. ಮಗುವಿಗೆ ತೊಂದರೆ ಇದ್ದರೆ ಜನ ತಾಯಿಯನ್ನೇ ಯಾಕೆ ಬಯ್ಯುತ್ತಾರೆ?
3. ನಮ್ಮ ಅಂಗನವಾಡಿಗೆ ವೈದ್ಯರ ತಂಡ ಬರುವ ದಿನ ಯಾವುದು? ಕೇಳಿ ತಿಳಿದು ಇಲ್ಲಿ ಬರೆಯಿರಿ: ............